ಶನಿವಾರದ ನಲವತ್ತು ಹೆಂಗಸರು

ಸೋಮವಾರ ಬೆಳಿಗ್ಗೆ ಎಂಟಕ್ಕೆ, ಸಮೀಕ್ಷೆಯ ಲೆಕ್ಕ ನೋಡುವ ಡೋರಿಸ್ ವಾಂಡನ್‌ಹ್ಯೂವಲ್ ಕಾಫಿ ಲೋಟವನ್ನು ಕೆಳಗಿಟ್ಟಳು. ಅಂಕಿ ಸುಳ್ಳು ಹೇಳುತ್ತಿತ್ತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ತಮ್ಮ ಜಿಲ್ಲೆಯಲ್ಲಿ ಅಧ್ಯಕ್ಷರ ಕೆಲಸವನ್ನು ಮೆಚ್ಚಿದವರು ಕಳೆದ ವಾರ ನೂರಕ್ಕೆ ನಲವತ್ತಮೂರು. ಈ ವಾರ ಎಪ್ಪತ್ತು. ಏಳು ದಿನದಲ್ಲಿ ಅಧ್ಯಕ್ಷರು ಅಂಥದ್ದೇನೂ ಮಾಡಿರಲಿಲ್ಲ.

"ಯಾರೋ ಫೋನೇ ಮಾಡದೆ ಹಾಳೆ ತುಂಬಿಸಿದ್ದಾರೆ," ಎಂದಳು.

ಸಮೀಕ್ಷೆ ಕಚೇರಿಯ ಮಾಲೀಕ ವೆಂಡೆಲ್ ಬೋಳುತಲೆ ಸವರಿಕೊಂಡ. "ಯಾರೋ ಏನು ಬಂತು? ನಲವತ್ತು ಹಾಳೆ ಮೇಲೂ ಫೋನ್ ಮಾಡಿದವರ ಜಾಗದಲ್ಲಿ ಹದಿನೇಳನೇ ನಂಬರು. ಆ ಹೊಸ ಹುಡುಗಿ, ಪಾ ನ್ಯಾ. ಮಧ್ಯಾಹ್ನದೊಳಗೆ ಮನೆಗೆ ಕಳಿಸ್ತೀನಿ. ನಾಲ್ಕಕ್ಕೆ ಪತ್ರಿಕೆಯವರಿಗೆ ಅಂಕಿ ಕೊಡ್ಬೇಕು. ಮುಂದಿನ ಚುನಾವಣೇಲಿ ದೇಶದ ಮತವೆಲ್ಲ ಒಂದು ಕಡೆ ವಾಲಿದ್ರೂ, ಕೊನೆಗೆ ಅಧ್ಯಕ್ಷರನ್ನ ಆರಿಸೋ ನಮ್ಮ ರಾಜ್ಯದ ಹತ್ತು ಪ್ರತಿನಿಧಿಗಳು ಆಟ ತಿರುಗಿಸಬಹುದು. ಎಲ್ಲರ ಕಣ್ಣೂ ನಮ್ಮ ಮೇಲಿದೆ, ಡೋರಿಸ್."

"ಮಧ್ಯಾಹ್ನ ಇನ್ನೂ ದೂರ ಇದೆ. ಹಾಳೆ ಕೊಡಿ."

ಒಂದೊಂದಾಗಿ ಮಗುಚಿದಳು. ಹೆಂಗಸು. ಹೆಂಗಸು. ಮತ್ತೂ ಹೆಂಗಸು. ನಲವತ್ತರಲ್ಲಿ ಒಬ್ಬ ಗಂಡಸೂ ಇಲ್ಲ.

* * *

ಪಾ ನ್ಯಾ ಕೋಟನ್ನೂ ಬಿಚ್ಚದೆ ಕೂತಿದ್ದಳು. ಕೆನ್ನೆ ಊದಿತ್ತು.

"ಶನಿವಾರ ಆದ್ರೂ ಬಂದು ಆರು ಫೋನ್ ಮಾಡಿದೆ, ಮೇಡಂ, ಯಾರೂ ಎತ್ತಲಿಲ್ಲ. ಹಲ್ಲುನೋವು ತಡೀಲಾರದೆ ಎದ್ದು ಹೋದೆ. ಶನಿವಾರ ಆಗೋಲ್ಲ ಅಂತ ಸೂಪರ್ವೈಸರ್ ಗ್ಲೆನ್‌ಗೆ ಬುಧವಾರವೇ ಹೇಳಿದ್ದೆ. ಈಗ ಅವರು ಹೇಳೇ ಇಲ್ಲ ಅಂತಾರೆ. ಈ ಕೆಲಸ ಹೋದ್ರೆ ನಾನು ದೂರದ ನಮ್ಮೂರು ಫ್ರೆಸ್ನೋಗೆ ವಾಪಸ್ಸೇ. ಇನ್ನೊಂದು ಕಡೆ ಯಾರು ತಗೋತಾರೆ, ಸುಳ್ಳು ಬರೆದೋಳು ಅಂದ್ಮೇಲೆ?"

"ಅಳ್ಬೇಡ ಕಣಮ್ಮ. ಶನಿವಾರ ರಸ್ತೇಲಿ ಏನು ನೋಡ್ದೆ?"

"ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಗಂಡಸರು. ಪಾಪ, ಚಳೀಲೂ ರಸ್ತೆ ರಿಪೇರಿ ಅಂದ್ಕೊಂಡೆ."

ಡೋರಿಸ್‌ಗೆ ನಗು ತಡೆಯಲಾಗಲಿಲ್ಲ.

* * *

ಗ್ಲೆನ್ ಟೆಸ್ಮರ್, ಹನ್ನೆರಡು ವರ್ಷದ ಮೇಲ್ವಿಚಾರಕ. ಕಾಫಿ ಯಂತ್ರದ ಬಳಿ ನಿಂತು ಮೊಬೈಲಿನಲ್ಲಿ ಜಿಂಕೆಯ ಚಿತ್ರವನ್ನು ವೆಂಡೆಲ್‌ಗೆ ತೋರಿಸುತ್ತಿದ್ದ.

"ಅಬ್ಬಾ, ಎಂಥ ಕೊಂಬು! ಯಾವತ್ತು ಹೊಡೆದೆ, ಗ್ಲೆನ್? ಭಾನುವಾರಾನಾ?" ಎಂದಳು ಡೋರಿಸ್.

"ಭಾನುವಾರ ಯಾವನಾದ್ರೂ ಹೊಡೀತಾನೆ! ಶನಿವಾರ. ಬೇಟೆ ಶುರುವಾದ ಮೊದಲ ದಿನ, ಮೊದಲ ಬೆಳಕಲ್ಲಿ. ಕಾಡಿಂದ ಎಳೆದು ತರೋಷ್ಟರಲ್ಲಿ ಸಂಜೆ ಆಯ್ತು."

"ಕಾಡಲ್ಲಿ ಫೋನ್ ಸಿಗುತ್ತಾ?"

"ಎಲ್ಲಿ ಬಂತು! ಅದೇ ಅಲ್ವಾ ಸುಖ."

"ಹಾಗಾದ್ರೆ ಶನಿವಾರ ಮಧ್ಯಾಹ್ನ ಪಾ ನ್ಯಾಳ ನಾಲ್ಕು ಕರೆ ನಾನೇ ತಪಾಸಣೆಗೆ ಕೇಳಿಸ್ಕೊಂಡೆ ಅಂತ ಹಾಳೆ ಮೇಲೆ ಸಹಿ ಹಾಕಿದ್ದೀಯಲ್ಲ, ಯಾವ ಮರದ ಮೇಲೆ ಕೂತು ಕೇಳ್ದೆ?"

ಗ್ಲೆನ್ ಮೊಬೈಲನ್ನು ಜೇಬಿಗಿಳಿಸಿದ.

"ನಾವು ಫೋನಲ್ಲಿ ಮೊದಲು ಕೇಳೋದೇನು?" ಎಂದಳು ಡೋರಿಸ್. " ಮನೇಲಿ ಯಾರ ಹುಟ್ಟುಹಬ್ಬ ಈಚೆಗೆ ಆಯ್ತೋ ಅವರಿಗೆ ಕೊಡಿ ಅಂತ. ಗಂಡಸರೂ ಸಿಗ್ತಾರೆ, ಹೆಂಗಸರೂ ಸಿಗ್ತಾರೆ. ಪಾ ನ್ಯಾ ಸುಳ್ಳು ಬರೆದಿದ್ರೆ ಅರ್ಧ ಗಂಡಸರನ್ನ ಹಾಕಿರೋಳು. ಬೇಟೆಗಾರರ ಕಿತ್ತಳೆ ಜಾಕೆಟ್ ನೋಡಿ ರಸ್ತೆ ರಿಪೇರಿಯವರು ಅಂದ್ಕೊಂಡೋಳು, ಶನಿವಾರ ಏನು ಅಂತಾನೇ ಅವಳಿಗೆ ಗೊತ್ತಿಲ್ಲ. ಬೇಟೆ ಮೊದಲ ದಿನ ಒಬ್ಬ ಗಂಡಸೂ ಮನೇಲಿರೋಲ್ಲ ಅಂತ ಪ್ರಾಮಾಣಿಕವಾಗಿ ನಂಬೋನು ಬೇಟೆಗಾರ ಮಾತ್ರ. ಅವಳು ರಜೆ ಕೇಳಿದ್ಲು. ಅವಳ ಫೋನೆಲ್ಲ ನಿನ್ನ ತಲೆಗೆ ಬಂತು. ಜಿಂಕೆ ಕಾಯೋಲ್ವಲ್ಲ."

"ಮೂವತ್ತು ವರ್ಷದಲ್ಲಿ ಮೊದಲ ದಿನ ತಪ್ಪಿಸಿಲ್ಲ, ಡೋರಿಸ್," ಎಂದ ಗ್ಲೆನ್, ಕುಗ್ಗಿದ ದನಿಯಲ್ಲಿ. "ಗುರುವಾರವೇ ಕೂತು ಅವಳ ನಂಬರು ಹಾಕಿ ಬರೆದಿಟ್ಟೆ."

"ಎಪ್ಪತ್ತು ಎಲ್ಲಿಂದ ತಂದೆ?"

"ಹೆಂಡ್ತೀನ ಕೇಳ್ದೆ. ಅವಳಿಗೆ ಅಧ್ಯಕ್ಷರು ಅಂದ್ರೆ ಇಷ್ಟ. ಊರಿನ ಹೆಂಗಸರೆಲ್ಲ ತನ್ನ ಹಾಗೇ ಅಂದ್ಲು."

ವೆಂಡೆಲ್ ಕೈ ಚಾಚಿದ. ಗ್ಲೆನ್ ಕಚೇರಿಯ ಬೀಗದಕೈ ಅದರಲ್ಲಿಟ್ಟು ಹೊರಟುಹೋದ.

* * *

ಪತ್ರಿಕೆಯವರು ಒಂದು ದಿನ ತಡ ಒಪ್ಪಿಕೊಂಡರು. ಪಾ ನ್ಯಾ ಕೋಟು ಬಿಚ್ಚಿ, ಹೊಸ ಹಾಳೆ ಎಳೆದುಕೊಂಡು, ಶನಿವಾರ ನಿಲ್ಲಿಸಿದ್ದ ಕಡೆಯಿಂದ ಪಟ್ಟಿಯ ಏಳನೇ ನಂಬರು ಒತ್ತಿದಳು. ನಾಲ್ಕನೇ ರಿಂಗಿಗೆ ಒರಟು ದನಿಯೊಂದು ಹಲೋ ಎಂದಿತು. ಹುಟ್ಟುಹಬ್ಬ ಅವನದೇ, ಹೋದ ಮಂಗಳವಾರ.

"ನೀವು ಬೇಟೆಗೆ ಹೋಗಲಿಲ್ವಾ?"

"ಮಂಡಿ ಹೋಗಿ ಆರು ವರ್ಷ ಆಯ್ತಮ್ಮ. ಶನಿವಾರ ಇಡೀ ದಿನ ಈ ಫೋನ್ ಪಕ್ಕದಲ್ಲೇ ಕೂತಿದ್ದೆ. ಒಂದು ನಾಯಿಯೂ ಕೇಳಲಿಲ್ಲ. ಅಧ್ಯಕ್ಷರ ವಿಷಯ ತಾನೇ? ಪುರುಸೊತ್ತು ಇದೆಯಾ ನಿಂಗೆ?"

"ಇದೆ, ಹೇಳಿ," ಎಂದಳು ಪಾ ನ್ಯಾ. ಹಾಳೆಯ ಮೇಲಿನ ಮೊದಲ ಚೌಕದಲ್ಲಿ 'ಗಂಡಸು' ಎಂದು ಗುರುತು ಹಾಕಿದಳು.