ಎಂಟನೆಯ ಪ್ಯಾರಾ

2018ರ ಅಕ್ಟೋಬರ್ 16, ಮಂಗಳವಾರ. ಅಂದು ನಡೆದದ್ದರ ಕ್ರಮ ಹೀಗಿದೆ.

ಬೆಳಿಗ್ಗೆ 10.10ಕ್ಕೆ ಶೀತಲ ಮತ್ತು ಆದರ್ಶ್, ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿರುವ ತಮ್ಮ ವಿಶ್ವವಿದ್ಯಾಲಯದ ವಿಚಾರಣಾ ಕೊಠಡಿಯ ಹೊರಗೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತರು. 10.15ಕ್ಕೆ ಇಬ್ಬರನ್ನೂ ಒಳಗೆ ಕರೆದರು. 10.19ಕ್ಕೆ ವಿಚಾರಣಾ ಸಮಿತಿಯ ಅಧ್ಯಕ್ಷೆ ಎರಡು ಲ್ಯಾಬ್ ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಮೂರು ಪ್ಯಾರಾಗಳು ಅಕ್ಷರಶಃ ಒಂದೇ ಆಗಿವೆ, ಯಾರು ಯಾರದ್ದನ್ನು ನಕಲು ಮಾಡಿದಿರಿ ಎಂದು ಕೇಳಿದರು.

ನಕಲು ಮಾಡಿದವಳು ಶೀತಲ.

10.20ಕ್ಕೆ ಆದರ್ಶ್ ಹೇಳಿದ: "ನಾನು."

ಶೀತಲ ತಿರುಗಿ ನೋಡಿದಳು. ಹನ್ನೆರಡು ವಾರ ಒಂದೇ ಲ್ಯಾಬ್ ಟೇಬಲ್ಲಿನಲ್ಲಿ ಕೆಲಸ ಮಾಡಿದ್ದರೂ ಅವನ ಮುಖವನ್ನು ಅವಳು ನೇರವಾಗಿ ನೋಡಿದ್ದು ಅದೇ ಮೊದಲು. ಅವನ ಕಿವಿಯ ತುದಿಗಳು ಕೆಂಪಾಗಿದ್ದವು. ಕೈಗಳು ಮೊಣಕಾಲಿನ ಮೇಲೆ ಅಲುಗಾಡದೆ ಕುಳಿತಿದ್ದವು. ಅವನು ಅವಳತ್ತ ನೋಡಲಿಲ್ಲ...

"ಇದು ನಿಜವೇ?" ಅಧ್ಯಕ್ಷೆ ಈಗ ಅವಳನ್ನು ಕೇಳಿದರು.

'ಅಲ್ಲ ಅನ್ನು... ಈಗಲೇ ಅನ್ನು...'

ತಪ್ಪು ಸಾಬೀತಾದರೆ ಸ್ಕಾಲರ್‌ಶಿಪ್ ಹೋಗುತ್ತದೆ. ಅದರ ಹಿಂದೆಯೇ ವೀಸಾ. ಮಗಳು ಆಸ್ಟ್ರೇಲಿಯಾಕ್ಕೆ ಹೊರಟಳೆಂದು ಧಾರವಾಡದ ಇಡೀ ಓಣಿಗೆ ಪೇಡೆ ಹಂಚಿದ್ದ ಅಪ್ಪ ಚನ್ನಮಲ್ಲಪ್ಪನವರ ಮುಖ ಕಣ್ಣ ಮುಂದೆ ಬಂತು.

10.21ಕ್ಕೆ ಶೀತಲ ಹೌದೆಂದು ತಲೆಯಾಡಿಸಿದಳು.

ಅವಳು ಮೋಸ ಮಾಡಬೇಕೆಂದು ಹೊರಟವಳಲ್ಲ. ಪ್ರಯೋಗದ ವಾರ ಜ್ವರ ಬಂದಿತ್ತು. ಆದರ್ಶ್‌ನ ಬಳಿ ಅವನ ವರದಿ ಕೇಳಿದಳು, ಅವನು ಕೊಟ್ಟ. ಧಾರವಾಡದಲ್ಲೂ ಅವನ ಮೈಸೂರಿನಲ್ಲೂ ಬಿ.ಎಸ್ಸಿ. ಓದಿದವರೆಲ್ಲ ಹೀಗೆಯೇ ಬೆಳೆದವರು. ಒಬ್ಬರ ಲ್ಯಾಬ್ ರೆಕಾರ್ಡ್ ಬುಕ್ಕು ಹತ್ತು ಕೈ ದಾಟಿ ಬರುತ್ತಿತ್ತು. ಕೊಡದವನೇ ಅಲ್ಲಿ ಕೆಟ್ಟವನು. ಇಲ್ಲಿ ಅದನ್ನು ಹಿಡಿಯಲು ಸಾಫ್ಟ್‌ವೇರ್ ಇತ್ತು, ವಿಚಾರಣೆ ಇತ್ತು, ಕಡತ ಇತ್ತು.

ಅವಳಿಗೆ ಬರೀ ಎಚ್ಚರಿಕೆ ಸಿಕ್ಕಿತು. ಅವನಿಗೆ ಆ ವಿಷಯದಲ್ಲಿ ಸೊನ್ನೆ, ಕಡತದಲ್ಲಿ ಕಳಂಕ. ಅವನು ಆಸೆಪಟ್ಟಿದ್ದ ಸಂಶೋಧನೆಯ ಸೀಟು ಕೈತಪ್ಪಿತು. ಎರಡು ವಾರಗಳಲ್ಲಿ ಅವನು ಸಿಡ್ನಿಗೆ ಹೊರಟುಹೋದ. ಅವನಿಗಾಗಿ ಅವಳು ಬರೆದು ಅಳಿಸಿದ ಮೆಸೇಜುಗಳು ಹನ್ನೊಂದು. ಕಳಿಸಿದ್ದು ಒಂದೂ ಇಲ್ಲ.

'ನನ್ನ ಮೇಲೆ ಅಸಹ್ಯ ಬಂದಿರುತ್ತದೆ ಅವನಿಗೆ...'

ಎಂ.ಎಸ್ಸಿ. ಹೇಗೋ ಮುಗಿಯಿತು. ಆದರೆ ಲ್ಯಾಬಿನ ಬಾಗಿಲು ತಳ್ಳುವುದು ಅವಳಿಂದ ಆಗಲಿಲ್ಲ. ಮತ್ತೆ ಮೂರು ವರ್ಷ ಕಾನೂನು ಓದಿದಳು. ರಸಾಯನಶಾಸ್ತ್ರ ಬಿಟ್ಟು ಕಾನೂನೇಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಳು.

2025ರ ಆಗಸ್ಟ್ ಹೊತ್ತಿಗೆ ಶೀತಲ ಮೆಲ್ಬರ್ನ್ ಹೊರವಲಯದ ವೆರಿಬೀಯಲ್ಲಿ ಗಿರೀಶರ ಸಣ್ಣ ಲಾ ಆಫೀಸಿನಲ್ಲಿ ಇಪ್ಪತ್ತು ತಿಂಗಳ ತರಬೇತಿ ಮುಗಿಸಿದ್ದಳು. ಅವಳ ಮೇಜು ಇದ್ದದ್ದು ಜೆರಾಕ್ಸ್ ಯಂತ್ರಕ್ಕೂ ಫೈಲುಗಳ ಕಪಾಟಿಗೂ ನಡುವೆ. ಎದುರಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಒಂದು ಗೇಣು ದೂರದಲ್ಲಿ. ಕುರ್ಚಿ ಹಿಂದೆ ಸರಿಸಲು ಜಾಗವಿಲ್ಲದ್ದರಿಂದ ಏಳಬೇಕಾದಾಗಲೆಲ್ಲ ಪಕ್ಕಕ್ಕೆ ಜಾರಿ ಏಳಬೇಕಿತ್ತು.

ಸಾಲಿಸಿಟರ್ ಆಗಲು ಉಳಿದದ್ದು ಒಂದೇ ಹೆಜ್ಜೆ: ವಕೀಲರನ್ನು ವೃತ್ತಿಗೆ ಸೇರಿಸಿಕೊಳ್ಳುವ ಅಡ್ಮಿಷನ್ ಬೋರ್ಡಿಗೆ ಅರ್ಜಿ. ಅದರ ಜೊತೆಗೆ, ತನ್ನ ಪ್ರಾಮಾಣಿಕತೆಗೆ ಸಂಬಂಧಿಸಿದ ಯಾವುದನ್ನೂ ಮುಚ್ಚಿಡದೆ ಪ್ರಮಾಣ ಮಾಡಿ ಬರೆದ ಅಫಿಡವಿಟ್.

ವಿಶ್ವವಿದ್ಯಾಲಯದಿಂದ ಒಂದು ಪುಟದ ವರದಿ ಬಂದಿತ್ತು. 'ಎಚ್ಚರಿಕೆ ನೀಡಲಾಗಿದೆ. ಕಾರಣ: ತನ್ನ ವರದಿಯನ್ನು ಸಹಪಾಠಿ ನಕಲು ಮಾಡಲು ಬಿಟ್ಟದ್ದು.'

ಅದರ ಕೆಳಗೆ ಸಹಿ ಹಾಕಿದರೆ, ವಕೀಲೆಯಾಗಿ ಅವಳು ಮಾಡುವ ಮೊದಲ ಪ್ರಮಾಣವೇ ಸುಳ್ಳು. ನಿಜ ಬರೆದರೆ, ವಿಚಾರಣೆಯಲ್ಲೇ ಸುಳ್ಳಾಡಿದವಳೆಂದು ತಾನೇ ಒಪ್ಪಿಕೊಂಡಂತೆ. ಬೋರ್ಡು ಬಾಗಿಲು ಮುಚ್ಚಬಹುದು.

ಆ ವಾಕ್ಯ ಪೂರ್ತಿ ಸರಿಯಿಲ್ಲ ಎಂದು ಅವಳು ಗಿರೀಶರ ಬಳಿ ಬಾಯಿ ತೆಗೆದಳು. ಅವರು ಕೈ ಎತ್ತಿ ತಡೆದರು.

"ನನಗೆ ಹೇಳ್ಬೇಡಮ್ಮ. ನನಗೆ ಗೊತ್ತಾದ್ರೆ ಬೋರ್ಡಿಗೆ ನಾನೂ ಬರೀಬೇಕಾಗುತ್ತೆ. ಯೂನಿವರ್ಸಿಟಿ ಏನು ಬರೆದಿದ್ಯೋ ಅದನ್ನ ಅಟ್ಯಾಚ್ ಮಾಡು, ಸೈನ್ ಮಾಡು. ಏಳು ವರ್ಷದ ಹಿಂದಿನ ಹೆಣ ಯಾಕೆ ಅಗೀತೀಯ?"

ಆಮೇಲೆ, ಮೆತ್ತಗಿನ ದನಿಯಲ್ಲೇ ಉಳಿದದ್ದನ್ನೂ ಹೇಳಿದರು. ಡಿಸೆಂಬರಿನೊಳಗೆ ಅವಳು ಸಾಲಿಸಿಟರ್ ಆಗದಿದ್ದರೆ ಕಾಂಟ್ರ್ಯಾಕ್ಟ್ ಮುಂದುವರಿಸುವುದು ಕಷ್ಟ. ಆಫೀಸು ಸ್ಪಾನ್ಸರ್ ಮಾಡಿದ ವೀಸಾ ಆ ಕಾಂಟ್ರ್ಯಾಕ್ಟಿಗೇ ಅಂಟಿಕೊಂಡಿತ್ತು. ಅತ್ತ ಧಾರವಾಡದಲ್ಲಿ ಅಪ್ಪ ಫೋನು ತೆಗೆದಾಗಲೆಲ್ಲ 'ವಕೀಲ್ರು ಮಾತಾಡಾಕತ್ತಾರ' ಎಂದು ಮನೆಮಂದಿಯನ್ನು ಕೂಗುತ್ತಿದ್ದರು.

ಶೀತಲ ಎರಡು ಅಫಿಡವಿಟ್ ಟೈಪ್ ಮಾಡಿದಳು. ಒಂದಕ್ಕೆ 'ಎ' ಎಂದು ಹೆಸರಿಟ್ಟಳು, ಇನ್ನೊಂದಕ್ಕೆ 'ಬಿ'. ಎ ಸುರಕ್ಷಿತ, ಬಿ ನಿಜ. ಹದಿನಾರು ದಿನ ಎರಡನ್ನೂ ತೆರೆದಳು, ಓದಿದಳು, ಮುಚ್ಚಿದಳು.

'ಎತ್ತ ಹೋದರೂ ಗೋಡೆ...'

ಬಿ ಕಳಿಸಬೇಕೆಂದರೆ ಅದರಲ್ಲಿ ಇನ್ನೊಬ್ಬನ ಹೆಸರು ಬರುತ್ತದೆ, ಅವನ ಸುಳ್ಳೂ ಬರುತ್ತದೆ. ಹದಿನೇಳನೆಯ ದಿನ ಅವಳು ಆದರ್ಶ್‌ನ ಹಳೆಯ ನಂಬರಿಗೆ ಮೆಸೇಜ್ ಮಾಡಿದಳು: ನಾನು ಶೀತಲ, ಒಂದು ಕಾನೂನಿನ ವಿಷಯ ಮಾತಾಡಬೇಕು. ಒಂಬತ್ತು ಗಂಟೆಯ ನಂತರ ಉತ್ತರ ಬಂತು. ಶನಿವಾರ, ಸಿಡ್ನಿಯ ಪ್ಯಾರಾಮಟ್ಟಾ ಸ್ಟೇಷನ್, ಹನ್ನೊಂದು ಗಂಟೆ.

ಆಗಸ್ಟ್ 30ರಂದು ಅವಳು ಆ ಸ್ಟೇಷನ್ನಿನಲ್ಲಿಳಿದಾಗ ಆದರ್ಶ್ ಆಗಲೇ ಬಂದು ನಿಂತಿದ್ದ. ಕನ್ನಡಕ ಬಂದಿತ್ತು, ಕೆನ್ನೆ ಇಳಿದಿತ್ತು. ಈಗ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ ಎಂದ. ನದಿಯ ದಡದ ಬೆಂಚಿನಲ್ಲಿ ಕುಳಿತು ಅವಳು ಎ ಮತ್ತು ಬಿಗಳ ವಿಷಯ ಹೇಳಿ ಮುಗಿಸುವವರೆಗೂ ಅವನು ನಡುವೆ ಬಾಯಿ ಹಾಕಲಿಲ್ಲ.

"ಎ ಕಳ್ಸಿ," ಎಂದ ಕೊನೆಗೆ. "ನಾನು ಅಷ್ಟು ಕಳ್ಕೊಂಡಿದ್ದು, ಈಗ ನೀವು ಬಂದು ಎಲ್ಲಾ ಹಾಳು ಮಾಡ್ಕೊಳ್ಳಿ ಅಂತಲಾ?"

"ಕಳ್ಕೋರಿ ಅಂತ ನಾ ಕೇಳಿದ್ನೇನ್ರೀ ನಿಮಗ?"

"ಇಲ್ಲ."

"ಮತ್ತ ಯಾಕ ಹೇಳಿದ್ರಿ?" ಅವಳು ಅವನತ್ತ ತಿರುಗಿ ಕುಳಿತಳು. "ನೀವು ನನ್ನ ಉಳಿಸಿದ್ರಿ ಅಂತ ತಿಳ್ಕೊಂಡೀರಿ. ನನ್ನ ಆ ರೂಮಿನಾಗ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಹೋದ್ರಿ. ಏಳು ವರ್ಷ ಆತು. ನಾ ಇನ್ನೂ ಅಲ್ಲೇ ಅದೀನಿ."

ಆದರ್ಶ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

"ಅವತ್ತು ಮೆಟ್ಟಿಲ ಹತ್ರ ಇಪ್ಪತ್ತು ನಿಮಿಷ ನಿಂತಿದ್ದೆ. ನೀವು ಬಂದು ಏನಾದ್ರೂ ಅಂತೀರ ಅಂತ. ಬೈದಿದ್ರೂ ಸಾಕಿತ್ತು. ನೀವು ಬರ್ಲೇ ಇಲ್ಲ."

"ಹಿಂದಿನ ಮೆಟ್ಟಿಲಿಳಿದು ಹೋದೆ. ನಿಮ್ಮ ಮಾರಿ ನೋಡೋ ಧೈರ್ಯ ಇರಲಿಲ್ಲ..."

"ನಾನು ಅಂದ್ಕೊಂಡೆ, ಕೆಲಸ ಆಯ್ತಲ್ಲ, ಇನ್ನು ಇವನ ಸಹವಾಸ ಯಾಕೆ ಅಂತ ಹೋದ್ರಿ ಅಂತ."

'ಏಳು ವರ್ಷ ಇದನ್ನೇ ನಂಬಿಕೊಂಡು ಬದುಕಿದನೇ...'

ಅವಳು ಕಣ್ಣೊರೆಸಿಕೊಂಡು, ತಾನು ಬರೆಯುವುದು ತನ್ನ ತಪ್ಪನ್ನು ಮಾತ್ರ, ಅವನ ಹೆಸರು ಬರುವುದರಿಂದ ಒಪ್ಪಿಗೆ ಕೇಳಲು ಬಂದೆ ಎಂದಳು. ಅವನು ಎದ್ದು ನಿಂತ.

"ಬನ್ನಿ. ನನ್ನ ಸುಳ್ಳನ್ನ ನಾನೇ ಬರೀತೀನಿ."

ಹತ್ತಿರದ ಲೈಬ್ರರಿಯಲ್ಲಿ ಅವನು ಒಂದು ಕಂಪ್ಯೂಟರಿನ ಮುಂದೆ ಕುಳಿತ. ಅವಳನ್ನು ಎರಡು ಮೇಜು ದೂರ ಕೂರಿಸಿದ. ಅವಳೇ ಹೇಳಿಕೊಟ್ಟು ಬರೆಸಿದಳೆಂದು ನಾಳೆ ಯಾರೂ ಅನ್ನಬಾರದು. ಐವತ್ತು ನಿಮಿಷ ಕೀಲಿಗಳ ಸದ್ದು ನಿಂತು ನಿಂತು ಕೇಳಿಸಿತು. ಬಳಿಕ ಪ್ರಿಂಟ್ ತೆಗೆದ ಎರಡು ಹಾಳೆಗಳನ್ನು ಅವಳ ಮುಂದಿಟ್ಟ. ಮೂಲೆಯ ಮೇಜಿನಲ್ಲಿ, ಪ್ರಮಾಣಪತ್ರಗಳಿಗೆ ಸಾಕ್ಷಿ ಸಹಿ ಹಾಕುವ ಜೆಪಿ, ಬಿಳಿಗೂದಲಿನ ಹೆಂಗಸು, ಜನರನ್ನು ಸರದಿಯಂತೆ ಕರೆಯುತ್ತಿದ್ದರು. ಆದರ್ಶ್‌ಗಿಂತ ಮುಂದೆ ಇಬ್ಬರಿದ್ದರು.

ಒಂದರಿಂದ ಆರನೆಯ ಪ್ಯಾರಾದವರೆಗೆ ಅಂದಿನ ಘಟನೆ, ಒಂದು ವಿಶೇಷಣವೂ ಇಲ್ಲದೆ. ಶೀತಲ ಮುಂದಕ್ಕೆ ಓದಿದಳು.

'7. ಸುಳ್ಳು ಹೇಳುವಂತೆ ಅರ್ಜಿದಾರರು ನನ್ನನ್ನು ಕೇಳಿರಲಿಲ್ಲ. ನಾನು ಅವರನ್ನು ಪ್ರೀತಿಸುತ್ತಿದ್ದೆ. ಅದು ಅವರಿಗೆ ತಿಳಿದಿರಲಿಲ್ಲ.

8. ಏಳನೆಯ ಪ್ಯಾರಾದಲ್ಲಿ ಹೇಳಿದ ನನ್ನ ಸ್ಥಿತಿಯಲ್ಲಿ ಇಂದಿನವರೆಗೆ ಯಾವ ಬದಲಾವಣೆಯೂ ಆಗಿಲ್ಲ.'

ಅಕ್ಷರಗಳು ಮಂಜಾದವು. ಅವಳು ಎರಡು ಸಲ ಓದಿದಳು.

"ಎಂಟನೇ ಪ್ಯಾರಾ ಬೋರ್ಡಿಗೆ ಬೇಕಾಗಿಲ್ರೀ," ಎಂದಳು, ತಲೆಯೆತ್ತದೆ.

"ಅದು ಬೋರ್ಡಿಗಲ್ಲ."

ಅಷ್ಟರಲ್ಲಿ ಅವನ ಸರದಿ ಬಂತು. ಜೆಪಿ ಪ್ರತಿ ಪುಟವನ್ನೂ ತಿರುವಿ, ಇದರಲ್ಲಿರುವುದೆಲ್ಲ ನಿಜವೇ ಎಂದು ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದರು. ಆದರ್ಶ್ ಶೀತಲಳನ್ನು ನೋಡಿಕೊಂಡೇ, ಎಲ್ಲವೂ ನಿಜ ಎಂದ.

ಅವಳು ಉತ್ತರ ಕೊಡದೆ ಮೆಲ್ಬರ್ನ್‌ಗೆ ಮರಳಿದಳು. ಏನೆಂದು ಕೊಡುವುದು? ಕೈಯಲ್ಲಿ ಅವನ ಪ್ರಮಾಣಪತ್ರ ಹಿಡಿದುಕೊಂಡು 'ನನಗೂ' ಎಂದರೆ ಅದು ಪ್ರೀತಿಯೋ ಉಪಕಾರಸ್ಮರಣೆಯೋ? ಅವನ ಮೊದಲ ಉಪಕಾರ ಅವಳ ಬಾಯಿ ಕಟ್ಟಿತ್ತು. ಎರಡನೆಯದೂ ಕಟ್ಟಿತು... ರಾಶಿ ಫೈಲುಗಳ ನಡುವೆ, ಗೋಡೆಯ ಎದುರು, ಅವಳು ದಿನಗಳನ್ನು ಎಣಿಸಿದಳು.

ಗಿರೀಶರು ಬಿ ಅಫಿಡವಿಟ್ಟನ್ನು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. "ಡಿಸೆಂಬರ್‌ವರೆಗೂ ನಿನ್ನ ಟೇಬಲ್ ಇರುತ್ತೆ," ಎಂದಷ್ಟೇ ಅಂದರು.

ಬಿ ಮತ್ತು ಆದರ್ಶ್‌ನ ಪ್ರಮಾಣಪತ್ರ ತಲುಪಿದ ಮೇಲೆ ಬೋರ್ಡು ಅವಳನ್ನು ಖುದ್ದಾಗಿ ಕರೆಯಿತು. ನವೆಂಬರ್ 6, ಗುರುವಾರ. ಮೆಲ್ಬರ್ನ್ ನಗರದ ಕಿಟಕಿಯಿಲ್ಲದ ಒಂದು ಕೋಣೆ, ಮೂವರು ಸದಸ್ಯರು. ಸಿಡ್ನಿಯಿಂದ ಬಂದ ಆದರ್ಶ್ ತನ್ನ ಸಾಕ್ಷ್ಯ ಮುಗಿಸಿ ಹಿಂದಿನ ಸಾಲಿನಲ್ಲಿ ಕುಳಿತ. ಪ್ರಮಾಣ ತೆಗೆದುಕೊಂಡ ಶೀತಲಳನ್ನು ಅವರು ಐವತ್ತೈದು ನಿಮಿಷ ಪ್ರಶ್ನಿಸಿದರು. ಅವಳು ಯಾವ ಪ್ರಶ್ನೆಗೂ ನೆಪ ಹೇಳಲಿಲ್ಲ.

ಕೊನೆಗೆ ಮೂರನೆಯ ಸದಸ್ಯ ಆದರ್ಶ್‌ನ ಅಫಿಡವಿಟ್ ಕೈಗೆತ್ತಿಕೊಂಡರು. ಈ ಸಾಕ್ಷಿಗೆ ನಿಮ್ಮ ಮೇಲೆ ಪ್ರೀತಿಯಿದೆ ಎಂದು ಅವರೇ ಬರೆದಿದ್ದಾರೆ, ನಿಮ್ಮ ಪರವಾಗಿ ಅವರು ಹೇಳಿದ ಮಾತನ್ನು ಎಷ್ಟು ನಂಬಬೇಕೆಂದು ನಾವು ತೂಗಬೇಕು, ಎಂದರು. ನಂತರ ಕೇಳಿದರು:

"ನಿಮಗೂ ಅವರ ಮೇಲೆ ಅಂಥ ಭಾವನೆಯಿದೆಯೇ?"

ಇಲ್ಲ ಎಂದರೆ ಆದರ್ಶ್‌ನ ಸಾಕ್ಷ್ಯಕ್ಕೆ ತೂಕ ಉಳಿಯುತ್ತದೆ. ಹೌದು ಎಂದರೆ, ಪ್ರೇಮಿಗಳಿಬ್ಬರು ಸೇರಿ ಕಟ್ಟಿದ ಕಥೆ ಎಂದು ಅವರು ಎಲ್ಲವನ್ನೂ ತಳ್ಳಿಹಾಕಬಹುದು. ಕೆಲಸ, ವೀಸಾ, ಅಪ್ಪ... ಎಲ್ಲವೂ ಒಂದು ಪದದ ಮೇಲೆ ನಿಂತಿತ್ತು.

'ಇನ್ನೊಂದು ಸುಳ್ಳು ನನ್ನಿಂದಾಗದು... ಇವನ ವಿಷಯದಲ್ಲಂತೂ ಆಗದು.'

"ಹೌದು," ಎಂದಳು.

ಹಿಂದೆ ಒಂದು ಕುರ್ಚಿ ಕಿರುಗುಟ್ಟಿತು.

ಯಾವಾಗಿನಿಂದ ಎಂದು ಸದಸ್ಯರು ಕೇಳಿದರು. ನಿಖರವಾದ ದಿನಾಂಕ ಗೊತ್ತಿಲ್ಲ, ಊಹಿಸಿ ಹೇಳಿದರೆ ಪ್ರಮಾಣಕ್ಕೆ ತಪ್ಪಿದಂತಾಗುತ್ತದೆ ಎಂದು ಅವಳು ಉತ್ತರಿಸಿದಳು. ಅವರು ಏನನ್ನೋ ಬರೆದುಕೊಂಡು, ಹೊರಗೆ ಕಾಯುವಂತೆ ಹೇಳಿದರು.

ಕಾರಿಡಾರಿನಲ್ಲಿ ಇಬ್ಬರೇ ಇದ್ದರು. ಶೀತಲ ಗೋಡೆಗೆ ಒರಗಿದಳು.

"ಇಲ್ಲ ಅಂದಿದ್ರ ನಿಮ್ಮ ಮಾತಿಗೆ ಬೆಲೆ ಉಳೀತಿತ್ತು. ನಾನ ಹಾಳ ಮಾಡಿದೆ."

"ಇನ್ನೊಂದ್ಸಲ ಹೇಳಿ."

"ಏನ?"

"ಒಳಗೆ ಹೇಳಿದ್ದು. ಅವರು ಮೂರು ಜನಕ್ಕೆ ಹೇಳಿದ್ರಿ. ನನಗೆ ಇನ್ನೂ ಹೇಳಿಲ್ಲ."

ಅವಳು ಅವನನ್ನು ನೋಡಿದಳು. ನಗು ಬಂತು, ಅದರ ಹಿಂದೆಯೇ ಅಳು.

"ಹೌದೋ ಮಾರಾಯಾ... ನೀ ಅಂದ್ರ ನನಗ ಜೀವ."

"'ನೀ' ಅಂದೆ," ಎಂದ ಆದರ್ಶ್, ಅವಳ ತಣ್ಣಗಿನ ಕೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು.

"ಅಂದೆ. ಬರಕೋ, ಒಂಬತ್ತನೇ ಪ್ಯಾರಾ."

"ಶೀತಲ, ಅವರು ಒಳಗೆ 'ಇಲ್ಲ' ಅಂದ್ರೆ..."

"ಅಂದ್ರ ಅನ್ಲಿ. ಅತ್ತು ಮುಗ್ಸಿ ಮತ್ತ ಅರ್ಜಿ ಹಾಕ್ತೀನಿ. ನೀ ಆವಾಗ ಇರ್ತೀ?"

"ಇರ್ತೀನಿ. ನೀನು ಕೇಳಿದ್ಮೇಲೆ."

12.35ಕ್ಕೆ ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋಗಿ ನಿಂತರು. ಅಧ್ಯಕ್ಷರು ಕೈಯಲ್ಲಿದ್ದ ಹಾಳೆಯಿಂದ ನಿರ್ಣಯವನ್ನು ಓದಿದರು:

"ಅರ್ಜಿದಾರಳು 2018ರಲ್ಲಿ ಒಂದು ಸುಳ್ಳಿಗೆ ಸಮ್ಮತಿಸಿದ್ದು ರುಜುವಾತಾಗಿದೆ. ಇಂದು ತನಗೆ ನಷ್ಟವಾಗಬಹುದೆಂದು ತಿಳಿದೂ ನಿಜವನ್ನೇ ಹೇಳಿದ್ದೂ ರುಜುವಾತಾಗಿದೆ. ಅವಳು ವಕೀಲ ವೃತ್ತಿಗೆ ಯೋಗ್ಯಳು."