ಹೆಪ್ಪು ಕೊಟ್ಟ ನೀಲಿ ಬಾನಿ

ಗುಳೇದಗುಡ್ಡದಲ್ಲಿ ಖಣದ ನೂಲಿಗೆ ನೀಲಿ ಹಾಕುವ ಕಸ್ತೂರೆವ್ವನ ಬಾಗಿಲ ಮೇಲಿದ್ದ ಹಸಿರುಮಾಪಕ ತೊಂಬತ್ತಾರು ಅಂಕ ತೋರಿಸಿದ ದಿನ, ದೊಡ್ಡ ದೊಡ್ಡ ಕಾರ್ಖಾನೆಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅವರಲ್ಲಿ ಅರವತ್ತು ದಾಟಿದವರೇ ವಿರಳ.

ಏನನ್ನೇ ಕುದಿಸುವ, ಕರಗಿಸುವ ಜಾಗಕ್ಕೆ ಆಗ ಈ ಉಪಕರಣ ಕಡ್ಡಾಯವಾಗಿತ್ತು. ಒಳಬಂದ ವಸ್ತುವಿನಲ್ಲಿ ಎಷ್ಟು ಸರಕಾಯಿತು, ಎಷ್ಟು ಕಸವಾಗಿ ಹೊರಹೋಯಿತು, ಎಷ್ಟು ಉರುವಲು ಸುಟ್ಟಿತು ಎಂದು ಅಳೆದು ಅದು ನೂರಕ್ಕೆ ಅಂಕ ಕೊಡುತ್ತಿತ್ತು. ಐವತ್ತಕ್ಕಿಂತ ಇಳಿದರೆ ಮರುದಿನವೇ ಪಾತ್ರೆಗಳನ್ನೆಲ್ಲ ಖಾಲಿ ಮಾಡಿಸಿ ಬೀಗ ಜಡಿಯುತ್ತಿದ್ದರು. ಕಸ್ತೂರೆವ್ವನ ಗುಟ್ಟು ಇಷ್ಟೇ: ಅವಳ ನೀಲಿಯ ಬಾನಿ ಅತ್ತೆಯ ಕಾಲದಿಂದ ಖಾಲಿಯಾಗಿಯೇ ಇರಲಿಲ್ಲ. ಅದರಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳಿಗೆ ಬೆಲ್ಲ, ಸುಣ್ಣ ಉಣಿಸುತ್ತ ಅತ್ತೆ ಸೊಸೆ ಅರವತ್ತು ವರ್ಷ ಅದೇ ನೀರಿನಲ್ಲಿ ನೂಲು ಅದ್ದಿದ್ದರು.

ಸುದ್ದಿ ಹರಡಿ ಕಾರ್ಖಾನೆಯವರು ಕೊಡ ಹಿಡಿದು ಬಂದರು. ಮೊಸರಿಗೆ ಕೊಡುವಂತೆ ಅವಳು ಎಲ್ಲರಿಗೂ ಒಂದೊಂದು ಕೊಡ ಹೆಪ್ಪು ಕೊಟ್ಟಳು. ಕೊಡ ಹೊಸಿಲು ದಾಟಿದಂತೆಲ್ಲ ಮಾಪಕದ ಅಂಕ ಇಳಿಯಿತು. ಐವತ್ತೊಂದಕ್ಕೆ ಬಂದಾಗ ಎಚ್ಚರಿಕೆಯ ಕೆಂಪು ದೀಪ ಹತ್ತಿತು. ಅವತ್ತೂ ಒಬ್ಬ ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದ. ಅವನಿಗೂ ಕೊಟ್ಟಳು. ಅಂಕ ನಲವತ್ತೊಂಬತ್ತಾಯಿತು.

ಮಾಪಕವನ್ನು ಕಂಡುಹಿಡಿದ ಡಾ. ವಿಭಾವರಿ ಓಡೋಡಿ ಬಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅರವತ್ತು ವರ್ಷದ ಬಾನಿ ನಾಳೆ ಚರಂಡಿ ಸೇರುವುದಿತ್ತು. ಕೆಂಪು ದೀಪ ನೋಡಿಯೂ ಯಾಕೆ ಕೊಟ್ಟಿರಿ ಎಂದು ಕೇಳಿದರು.

“ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನೂದು ಹೆಂಗ್ರಿ ಬಾಯಾರ? ನಮ್ಮತ್ತಿನೂ ಯಾರದೋ ಮನ್ಯಾಗ ಕೇಳಿ ತಂದಾಕೀನ.”

ವಿಭಾವರಿಗೆ ನಾಚಿಕೆಯಾಯಿತು. ಸರಕಲ್ಲದ್ದು ಏನು ಬಾಗಿಲು ದಾಟಿದರೂ ಕಸವೇ ಎಂದು ಬರೆದವರು ಅವರೇ. ಅಲ್ಲೇ ಕಟ್ಟೆಯ ಮೇಲೆ ಕೂತು ಸೂತ್ರ ತಿದ್ದಿದರು: ಹೊರಹೋದದ್ದು ಇನ್ನೊಬ್ಬರ ಕೆಲಸಕ್ಕೆ ಬಂದರೆ ಅದು ಕಸವಲ್ಲ, ಅದಕ್ಕೂ ಅಂಕವುಂಟು. ಮಾಪಕ ತೊಂಬತ್ತೊಂಬತ್ತಕ್ಕೆ ಜಿಗಿಯಿತು. ಬಾನಿ ಉಳಿದ ಖುಷಿಗೆ ಕಸ್ತೂರೆವ್ವ ವಿಜ್ಞಾನಿಯ ಬಾಯಿಗೂ ಒಂದು ತುಂಡು ಬೆಲ್ಲ ಹಾಕಿದಳು.

ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಅಂಕದ ಆಸೆಗೆ ಕಾರ್ಖಾನೆಗಳು ಕೊಡುವುದರಲ್ಲಿ ಪೈಪೋಟಿಗೆ ಬಿದ್ದವು. ಸಾಬೂನಿನವರು ಉಳಿದ ಕ್ಷಾರವನ್ನು ಕಾಗದದವರ ಬಾಗಿಲಿಗೆ ಹೊತ್ತರು, ಸಾಕೆಂದರೂ ಬಿಡಲಿಲ್ಲ. ಪಕ್ಕದ ಔಷಧಿ ಕಾರ್ಖಾನೆ ತನ್ನ ಬಿಸಿನೀರಿನ ಕೊಳವೆಯನ್ನು ಕಸ್ತೂರೆವ್ವನ ಬಾನಿಗೆ ಸುತ್ತಿಸಿಕೊಟ್ಟಿತು. ಹಾಗಾಗಿ ಆ ಚಳಿಗಾಲ, ಇಷ್ಟು ವರ್ಷ ಬಾನಿಗೆ ಹೊದಿಸುತ್ತಿದ್ದ ಮನೆಯ ಒಂದೇ ಕಂಬಳಿಯನ್ನು ಕಸ್ತೂರೆವ್ವ ಮೊದಲ ಸಲ ತಾನು ಹೊದ್ದುಕೊಂಡಳು.