ಉಡಿಗೆ ಬಿದ್ದ ಬೀಜ

"ಈ ಗಡಿಗ್ಯಾಗಿನ ಜೋಳ ಎಲ್ಲಿ?"

ಅತ್ತೆ ಕಾಳವ್ವನ ದನಿಗೆ ರೂಪಾಲಿಯ ಕೈಯೊಳಗಿನ ರೊಟ್ಟಿ ಹಂಚಿನ ಮೇಲೆಯೇ ಹರಿಯಿತು. ಮೀರಜದ ಪೇಟೆಯಲ್ಲಿ ಬೆಳೆದ ಹುಡುಗಿ. ಬಾಲಗಾಂವದ ಈ ಮನೆಗೆ ಸೊಸೆಯಾಗಿ ಬಂದು ಎಂಟೇ ತಿಂಗಳು.

"ಮೊನ್ನಿ ವಿದ್ಯಕ್ಕಾರು ಗಂಡನ ಮನಿಗೆ ಹೋಗಮುಂದ ಉಡಿ ತುಂಬಿದ್ನಿರಿ... ನೀವು ಹೊಲಕ್ಕ ಹೋಗಿದ್ರಿ. ಚೀಲದಾಗಿನ ಜೋಳಕ್ಕ ಹುಳ ಬಿದ್ದಿತ್ತು. ಮನಿ ಮಗಳಿಗೆ ಚಲೋ ಕಾಳು ಹಾಕೂಣಂತ, ಇದರಾಗಿನ ಬೂದಿ ಕೇರಿ ಹಾಕಿದೆ."

"ಬೂದಿ ಯಾಕ ಹಚ್ಚಿಟ್ಟಾರಂತ ಕೇಳಬೇಕನಸಲಿಲ್ಲ ನಿನಗ? ನಮ್ಮತ್ತಿ ಕೊಟ್ಟ ಬೀಜ ಅದು. ಮನಿ ಮುರಿಯಾಕ ಬಂದಿ ನೀ."

ಉಳಿದ ಹೊಲವೆಲ್ಲ ದ್ರಾಕ್ಷಿ, ವಾರಕ್ಕೊಮ್ಮೆ ಔಷಧಿ. ಒಂದೇ ಒಂದು ಎಕರೆಗೆ ಮಾತ್ರ ಕಾಳವ್ವ ಔಷಧಿಯವರನ್ನು ಕಾಲಿಡಗೊಟ್ಟಿರಲಿಲ್ಲ. ಹೊಲದಲ್ಲಿ ಕುರಿಮಂದೆ ತಂಗಿಸಿ, ತಿಪ್ಪೆಗೊಬ್ಬರ ಹಾಕಿ ಬೆಳೆದ ಆ ಜೋಳವೇ ಮನೆಯ ವರ್ಷದ ರೊಟ್ಟಿ. ಹಿಂಗಾರಿ ಮಳೆ ಬಿದ್ದಿದೆ, ನಾಳೆ ಬಿತ್ತನೆ, ಆದರೆ ಬೀಜವೇ ಇಲ್ಲ.

"ಹೋಗಿ ಇಸಕೊಂಡ ಬಾ," ಎಂದಳು ಕಾಳವ್ವ. ರೂಪಾಲಿ ಚಪ್ಪಲಿ ಮೆಟ್ಟುವಷ್ಟರಲ್ಲಿ, "ಬ್ಯಾಡ. ಉಡಿಗೆ ಹಾಕಿದ್ದು ತಿರುಗಿ ಕೇಳಿದ್ರ ಮಗಳಿಗೆ ಕೇಡು," ಎಂದು ಗೋಡೆಗೊರಗಿ ಕುಳಿತಳು. ಹೋಗೆಂದವಳೂ ಅತ್ತೆ, ಬೇಡೆಂದವಳೂ ಅತ್ತೆ... ಯಾವ ಮಾತು ಕೇಳಬೇಕು? ಏನೂ ತಿಳಿಯದೆಯೇ ರೂಪಾಲಿ ನಾದಿನಿಯ ಊರು ಕರಜಗಿಯ ಗಾಡಿ ಹತ್ತಿದಳು.

ವಿದ್ಯಾವತಿ ಹೊಲದ ಬದುವಿನ ಮೇಲಿದ್ದಳು. ಆಗಲೇ ಬಿತ್ತಿ ಮುಗಿದಿತ್ತು.

"ಲಗ್ನಾಗಿ ಹದಿನಾರು ವರ್ಷಾತು, ರೂಪಾ. ಕೇಳಿದಾಗೆಲ್ಲ ಅವ್ವ, ಬೀಜ ಸೊಸಿಗೆ ಹೋಗತೈತಿ, ಮಗಳಿಗಲ್ಲ ಅಂತಿದ್ಲು. ಈ ಸಲ ತಾನ ಹಾಕಿಸ್ಯಾಳ ನೋಡು..." ಎನ್ನುತ್ತ ಕಣ್ಣೊರೆಸಿಕೊಂಡಳು.

ರೂಪಾಲಿ ಬಿತ್ತಿದ ಸಾಲುಗಳತ್ತ ನೋಡಿದಳು. ಹಾಗಾದರೆ ಆ ಗಡಿಗೆ ಯಾರಿಗೆಂದು ಇತ್ತು?

"ಹೌದ್ರಿ ಅಕ್ಕಾರ," ಎಂದಳು. "ಅತ್ತೀನ ಹಾಕಂದ್ರು."

ತಮ್ಮನ ಹೆಂಡತಿಯನ್ನು ಬರಿ ಉಡಿಯಲ್ಲಿ ಕಳಿಸುವುದುಂಟೆ? ಬಿತ್ತಿ ಉಳಿದಿದ್ದ ನಾಲ್ಕು ಬೊಗಸೆ ಕಾಳನ್ನೇ ವಿದ್ಯಾವತಿ ಅವಳ ಉಡಿಗೆ ತುಂಬಿದಳು.

ಸಂಜೆ ರೂಪಾಲಿ ಅತ್ತೆಯ ಮುಂದೆ ಉಡಿಯ ಗಂಟು ಬಿಚ್ಚಿ ಎಲ್ಲ ಹೇಳಿದಳು. "ಸುಳ್ಳ ಹೇಳೀನ್ರಿ ಅತ್ತಿ. ಬೈರಿ."

ಕಾಳವ್ವ ಬೈಯಲಿಲ್ಲ. ಕಾಳನ್ನು ಬೆರಳಲ್ಲಿ ಆಡಿಸಿದಳು.

"ಮಗಳಿಗೂ ಹಾಕು ಅನ್ನೂ ಮಾತು ಹದಿನಾರು ವರ್ಷ ನನ್ನ ಬಾಯಿಗೆ ಬರಲಿಲ್ಲ... ಇರಲಿ. ನಾಳೆ ಇಷ್ಟನ್ನ ಬಿತ್ತೂಣು, ಮುಂದಿನ ವರ್ಷಕ್ಕ ಬೀಜ ಆದೀತು. ಈ ವರ್ಷ ಕೊಂಡ ತಿಂದ್ರಾತು."

ಎದ್ದು, ಖಾಲಿ ಗಡಿಗೆಯನ್ನು ತಂದು ಸೊಸೆಯ ಮುಂದಿಟ್ಟಳು.

"ಸುಗ್ಗಿ ಆದಮ್ಯಾಲ ಬೂದಿ ನೀನ ಹಚ್ಚು."

ಇದು ಶಿಕ್ಷೆಯೋ, ಮತ್ತೇನೋ, ರೂಪಾಲಿಗೆ ತಿಳಿಯಲಿಲ್ಲ. ಗಡಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅಲ್ಲೇ ಕುಳಿತಳು.